ಕಡಲಿಗೆ ಮುಖ ಮಾಡಿದ ಮಹಡಿಗಳು: ಒಂದು ಓದು

ಪುಣೆಯಲ್ಲಿರುವ ಕರಾವಳಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಯಕ್ಷಗಾನದ ವಿಡಿಯೊ, ಬ್ರಹ್ಮಕಲಶದ ಆಮಂತ್ರಣ, ಊರಿನ ಬಸ್ಸಿನಲ್ಲಿ ಖಾಲಿ ಉಳಿದ ಸೀಟಿನ ಸುದ್ದಿ ಇವುಗಳ ನಡುವೆ ಈಗ ಇನ್ನೊಂದು ಬಗೆಯ ಸಂದೇಶವೂ ಖಾಯಂ ಆಗಿದೆ. ಮಂಗಳೂರಿನಿಂದ ಮಲ್ಪೆಯವರೆಗಿನ ಕಡಲಂಚಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬ್ರೋಷರುಗಳು. ಹದಿನೈದು ಮಹಡಿ, ಇಪ್ಪತ್ತು ಮಹಡಿ, ಮಂಗಳೂರು ನಗರದಲ್ಲಾದರೆ ನಲವತ್ತರವರೆಗೂ ಹೋಗಿದೆ. ಬಾಲ್ಕನಿಯಲ್ಲಿ ಕಾಫಿ ಕಪ್ಪು ಹಿಡಿದ ದಂಪತಿ, ಎದುರಿಗೆ ಕಡಲು. ಕೆಳಗೆ ಯಾರಾದರೂ ಕೇಳಿರುತ್ತಾರೆ, "ಹೇಗೆ, ತಗೊಳ್ಳಬಹುದಾ?" ಉತ್ತರ ಎರಡೇ ಬಗೆ. "ಊರಲ್ಲಿ ಒಂದು ಇರ್ಲಿ ಮಾರಾಯ್ರೆ" ಎನ್ನುವವರು ಕೆಲವರು. "ಊರೇ ಹಾಳಾಗಿ ಹೋಯ್ತು" ಎಂದು ನಿಟ್ಟುಸಿರು ಬಿಡುವವರು ಉಳಿದವರು.

ಎರಡೂ ಉತ್ತರ ನನಗೆ ಸಾಲದು. ಹೊಸ ಕಾದಂಬರಿಯೊಂದು ಬಂದರೆ ನಾವು ಅದನ್ನು ಓದುತ್ತೇವೆ. ಏನು ಹೇಳಲು ಹೊರಟಿದೆ, ಯಾರಿಗೆ ಹೇಳುತ್ತಿದೆ, ಹೇಳಿದ್ದು ನಿಲ್ಲುತ್ತದೆಯೇ ಎಂದು ನೋಡುತ್ತೇವೆ. ಕಟ್ಟಡಕ್ಕೆ ಆ ಮರ್ಯಾದೆ ಯಾಕಿಲ್ಲ? ಕಾದಂಬರಿ ಕೆಟ್ಟದ್ದಾದರೆ ಮುನ್ನೂರು ರೂಪಾಯಿ ಹೋಗುತ್ತದೆ. ಕಟ್ಟಡ ಕೆಟ್ಟದ್ದಾದರೆ ಇಪ್ಪತ್ತು ವರ್ಷದ ಸಾಲ ಉಳಿಯುತ್ತದೆ, ಊರಿನ ಕಡಲತೀರದ ಒಂದು ತುಂಡೂ ಹೋಗುತ್ತದೆ. ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡಿ, ಕಾಂಕ್ರೀಟು ಬಿಟ್ಟು ಸಾಫ್ಟ್‌ವೇರಿಗೆ ಹೊರಳಿದ ಅನೇಕರಲ್ಲಿ ನಾನೂ ಒಬ್ಬ. ಕೊಂಢವಾದ ಫ್ಲ್ಯಾಟಿನಲ್ಲಿ ಹದಿನೈದು ವರ್ಷ ಕಳೆದಿದ್ದೇನೆ. ಓದಿದ್ದು, ಬದುಕಿದ್ದು ಎರಡನ್ನೂ ಎದುರಿಗಿಟ್ಟುಕೊಂಡು ಈ ಕಟ್ಟಡಗಳನ್ನು ಕೃತಿಯಂತೆ ಓದುವ ಪ್ರಯತ್ನ ಇದು. ಯಾವುದೇ ಒಂದು ಬಿಲ್ಡರನ ಬಗ್ಗೆ ಅಲ್ಲ, ಈ ಪ್ರಕಾರದ ಬಗ್ಗೆ.

ಮೊದಲು ಮುಖಪುಟ, ಅಂದರೆ ಬ್ರೋಷರು. ಇದಕ್ಕೆ ತನ್ನದೇ ಶಬ್ದಕೋಶ ಇದೆ. 'ಸೀ ಟಚ್', 'ಸೀ ಫೇಸಿಂಗ್', 'ಸೀ ವ್ಯೂ' ಮೂರೂ ಬೇರೆ ಬೇರೆ. ಮೊದಲನೆಯದು ಕಡಲಿಗೆ ತಾಗಿದ್ದು, ಎರಡನೆಯದು ಕಡಲಿಗೆ ಮುಖ ಮಾಡಿದ್ದು. ಮೂರನೆಯದು ಎಲ್ಲಿಂದಲಾದರೂ ಕಡಲು ಕಂಡರೆ ಸಾಕು. ನಾಳೆ ಎದುರಿಗೆ ಇನ್ನೊಂದು ಕಟ್ಟಡ ಎದ್ದರೆ ಅದೂ ಇಲ್ಲ. ನೋಟವನ್ನು ಮಾರಬಹುದು, ಆದರೆ ನೋಟದ ಮೇಲೆ ನಮಗೆ ಹಕ್ಕಿಲ್ಲ. ಇದನ್ನು ಯಾವ ಬ್ರೋಷರೂ ಹೇಳುವುದಿಲ್ಲ.

ಈ ಚಿತ್ರಗಳಲ್ಲಿ ಕಾಲ ಯಾವಾಗಲೂ ಡಿಸೆಂಬರ್. ಆಕಾಶ ನೀಲಿ, ಕಡಲು ಶಾಂತ. ಮಳೆ ಬರುವ ಒಂದು ಚಿತ್ರವನ್ನೂ ನಾನು ನೋಡಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಯುವ ಊರಿನ ಚಿತ್ರ ಇದು. ಹೋಲಿಕೆಗೆ ಹೇಳುವುದಾದರೆ ಪುಣೆಯ ಮಳೆ 700 ಮಿಲಿಮೀಟರಿನ ಮೇಲೆ ಸ್ವಲ್ಪ. ಚಿತ್ರದ ಕಡಲತೀರದಲ್ಲಿ ದೋಣಿ ಇಲ್ಲ, ಬಲೆ ಇಲ್ಲ, ಒಣಮೀನು ಇಲ್ಲ, ಮನುಷ್ಯರೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಆ ಕರಾವಳಿಯೂ ಬ್ರೋಷರಿನಲ್ಲಿ ಇಲ್ಲ.

ಹಾಗಾದರೆ ಈ ಪಠ್ಯದ ಓದುಗ ಯಾರು? ಅಲ್ಲಿ ವರ್ಷವಿಡೀ ಇರುವವನಲ್ಲ. ಕ್ರಿಸ್ಮಸ್ ರಜೆಗೆ ಹತ್ತು ದಿನ ಬರುವವನು. ಪುಣೆ, ಮುಂಬಯಿ, ಬೆಂಗಳೂರು, ದುಬೈಗಳಲ್ಲಿರುವ ನಾವು. ಪಡುಬಿದ್ರಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮಲ್ಪೆಗೆ ಬರುವವರಿಗೆ ಸೇಂಟ್ ಮೇರೀಸ್ ದ್ವೀಪದ ದೋಣಿಯಾತ್ರೆ ಇದ್ದೇ ಇದೆ. ಊರು ಪ್ರವಾಸಿ ತಾಣ ಆಗುತ್ತಿದ್ದಂತೆ ಊರಿನವರನ್ನೇ ಪ್ರವಾಸಿಗಳಾಗಿ ನೋಡುವ ಕಟ್ಟಡಗಳು ಬಂದವು. ಇದನ್ನು ನಾನು 'ಡಿಸೆಂಬರಿನ ಮನೆ' ಎಂದು ಕರೆಯುತ್ತೇನೆ. ಉಳಿದ ವಿಮರ್ಶೆಯೆಲ್ಲ ಒಂದು ಲೆಕ್ಕದಲ್ಲಿ ಈ ಡಿಸೆಂಬರಿನ ಮನೆಗೆ ಜುಲೈ ತಿಂಗಳಲ್ಲಿ ಏನಾಗುತ್ತದೆ ಎಂಬುದರ ಬಗ್ಗೆಯೇ.

ಬ್ರೋಷರಿನ ವಿಷಯ ಬಿಡುವ ಮುಂಚೆ ಒಂದು ಮಾತು. ಇದು ಬರೀ ಜಾಹೀರಾತು ಎಂದು ಡಿಲೀಟ್ ಮಾಡಬೇಡಿ. 2016ರ ರೇರಾ ಕಾಯ್ದೆಯ 12ನೇ ಕಲಮಿನ ಪ್ರಕಾರ ಜಾಹೀರಾತು, ಮಾಹಿತಿ ಪುಸ್ತಿಕೆ ಅಥವಾ ಮಾದರಿ ಫ್ಲ್ಯಾಟನ್ನು ನಂಬಿ ಹಣ ಕೊಟ್ಟವನಿಗೆ ಅದರಲ್ಲಿನ ಸುಳ್ಳು ಮಾತಿನಿಂದ ನಷ್ಟವಾದರೆ ಪರಿಹಾರ ಕೇಳುವ ಹಕ್ಕಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಇದು ಕಲಾವಿದನ ಕಲ್ಪನೆ' ಎಂದು ಬರೆದಿರುವುದು ಸುಮ್ಮನೆ ಅಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ಗ್ರಾಹಕನಿಗೆ ಕಳಿಸಿದ ಮೊದಲ ಸ್ಲೈಡನ್ನು ಐದು ವರ್ಷವಾದರೂ ತೆಗೆದಿಡುತ್ತೇವಲ್ಲ, ಹಾಗೆಯೇ ಇದನ್ನೂ ತೆಗೆದಿಡಬೇಕು. ಸೂಪರ್ ಬಿಲ್ಟಪ್ ಎಂಬ ಮಾಯಾಲೆಕ್ಕಕ್ಕೂ ಇದೇ ಕಾಯ್ದೆ ಕಡಿವಾಣ ಹಾಕಿದೆ. ಕಾರ್ಪೆಟ್ ಏರಿಯಾ ಎಷ್ಟು ಎಂಬುದೊಂದೇ ಪ್ರಶ್ನೆ, ಉಳಿದದ್ದು ಅಲಂಕಾರ.

ಇನ್ನು ಕಟ್ಟಡಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ಕಡಲು ಇರುವುದು ಪಡುವಣಕ್ಕೆ. ಇಷ್ಟು ಸರಳ ಸಂಗತಿಯನ್ನು ಈ ಕಟ್ಟಡಗಳು ಮರೆತಿವೆ ಎನಿಸುತ್ತದೆ. ಕಡಲು ಕಾಣಬೇಕೆಂದು ಗೋಡೆ ತೆಗೆದು ಗಾಜು ಇಟ್ಟರೆ ಮಾರ್ಚ್-ಏಪ್ರಿಲ್ ಸಂಜೆಯ ಬಿಸಿಲು ನೇರ ಹಾಲ್‌ಗೆ ಬರುತ್ತದೆ. ಜೂನ್‌ನಿಂದ ಅದೇ ದಿಕ್ಕಿನಿಂದ ಮುಂಗಾರಿನ ಗಾಳಿ, ಮಳೆ. ಹತ್ತನೇ ಮಹಡಿಯ ಮೇಲೆ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಚಾನೆಲ್ಲಿನಲ್ಲಿ ನೀರು ನಿಂತು ಒಳಗೆ ಇಳಿಯುತ್ತದೆ. ಆಟಿ ತಿಂಗಳಲ್ಲಿ ಬೀಗ ಹಾಕಿದ ಫ್ಲ್ಯಾಟಿನಲ್ಲಿ ಚಪ್ಪಲಿ, ಸೋಫಾ, ಪುಸ್ತಕ ಎಲ್ಲಕ್ಕೂ ಬೂಷ್ಟು. ಅಂದರೆ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವ ಮುಖವೇ ಹವೆಗೆ ಅತ್ಯಂತ ಕೆಟ್ಟ ಮುಖ.

ಹಳೆಯ ಮನೆಗಳಿಗೆ ಇದು ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕಡಲು ದಾಟಿಯೂ ಹೋಯಿತು. ಅದರ ಹಿಂದಿದ್ದ ತಿಳಿವಳಿಕೆ ಸರಳ. ಮಾಡು ಇಳಿಜಾರಾಗಿರಬೇಕು, ಗೋಡೆಗಿಂತ ಮುಂದಕ್ಕೆ ಚಾಚಿರಬೇಕು, ಸುತ್ತ ಜಗಲಿ ಇರಬೇಕು, ಗೋಡೆಗೆ ಮಳೆ ತಾಗಬಾರದು. ಕಡಲ ಹತ್ತಿರ ಇದ್ದವರೂ ಕಡಲನ್ನು ನೋಡಲು ಮನೆ ಕಟ್ಟಲಿಲ್ಲ. ಕಡಲು ಬೇಕಾದರೆ ಎದ್ದು ಹೋಗುತ್ತಿದ್ದರು. ನನ್ನ ದೊಡ್ಡಮ್ಮ ಎಂಬತ್ತು ವರ್ಷ ಕಡಲಿನಿಂದ ಅರ್ಧ ಮೈಲಿಯಲ್ಲಿ ಬದುಕಿದವರು, "ಅದನ್ನು ಎಂತ ನೋಡುದು, ಅದು ಅಲ್ಲೇ ಉಂಟಲ್ಲ" ಎನ್ನುತ್ತಿದ್ದರು.

ಆದರೆ ಹಂಚಿನ ಮನೆಯನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಅದು ಅನ್ಯಾಯ. ಹಾಗೆ ಹೊಗಳುವವರಲ್ಲಿ ಹೆಚ್ಚಿನವರು ಆ ಮನೆಯ ಮಾಡು ಹತ್ತಿ ಒಡೆದ ಹಂಚು ಬದಲಿಸಿದವರಲ್ಲ. ಇವತ್ತು ಆ ಕೆಲಸಕ್ಕೆ ಜನ ಸಿಗುವುದಿಲ್ಲ. ತೆಂಗಿನಕಾಯಿ ಕೀಳಲು ಜನ ಸಿಗುವುದಿಲ್ಲ. ಎಪ್ಪತ್ತೈದು ದಾಟಿದ ತಂದೆ-ತಾಯಿ ಇಬ್ಬರೇ ದೊಡ್ಡ ಮನೆಯಲ್ಲಿ, ಮಕ್ಕಳು ಪುಣೆಯಲ್ಲಿ, ಡಲ್ಲಾಸಿನಲ್ಲಿ. ರಾತ್ರಿ ಎದೆನೋವು ಬಂದರೆ ಗೇಟಿನ ತನಕ ನಡೆಯಲೂ ಆಗದು. ಇಂಥವರು ಮನೆಗೆ ಬೀಗ ಹಾಕಿ ಮಂಗಳೂರು ಅಥವಾ ಮಣಿಪಾಲದ ಫ್ಲ್ಯಾಟಿಗೆ ಬಂದರೆ ಅದರಲ್ಲಿ ಸೋಗು ಏನೂ ಇಲ್ಲ. ಲಿಫ್ಟು, ಕಾವಲುಗಾರ, ಹತ್ತು ನಿಮಿಷದಲ್ಲಿ ಆಸ್ಪತ್ರೆ, ಪಕ್ಕದ ಬಾಗಿಲಿನಲ್ಲಿ ಇನ್ನೊಬ್ಬ ನಿವೃತ್ತ ಮೇಷ್ಟ್ರು. ಬಹುಮಹಡಿ ಕಟ್ಟಡದ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದು. ಕಡಲಿನ ಚಿತ್ರ ಹಾಕುವ ಬದಲು ಇದನ್ನೇ ಬ್ರೋಷರಿನಲ್ಲಿ ಬರೆದಿದ್ದರೆ ನಾನು ಅದನ್ನು ಒಳ್ಳೆಯ ಗದ್ಯ ಎನ್ನುತ್ತಿದ್ದೆ.

ಮೇಲಕ್ಕೆ ಕಟ್ಟಿದರೆ ನೆಲ ಉಳಿಯುತ್ತದೆ ಎಂಬ ಇನ್ನೊಂದು ವಾದವೂ ಇದೆ. ತತ್ತ್ವದಲ್ಲಿ ಸರಿ. ನೂರು ಮನೆ ನೂರು ಸೈಟುಗಳಲ್ಲಿ ಹರಡುವ ಬದಲು ಒಂದೇ ಎಕರೆಯಲ್ಲಿ ನಿಂತರೆ ಗದ್ದೆ, ತೋಟ ಉಳಿಯಬೇಕು. ಆದರೆ ಉಳಿದ ನೆಲ ನೆಲವಾಗಿ ಉಳಿದರೆ ಮಾತ್ರ ಈ ವಾದ ನಿಲ್ಲುತ್ತದೆ. ಕಟ್ಟಡದ ಸುತ್ತ ಪೂರ್ತಿ ಕಾಂಕ್ರೀಟಿನ ಪಾರ್ಕಿಂಗ್ ಹಾಸಿದರೆ 3,500 ಮಿಲಿಮೀಟರ್ ಮಳೆನೀರು ಇಂಗುವುದಿಲ್ಲ, ರಸ್ತೆಗೆ ಹರಿಯುತ್ತದೆ.

ಈಗ ಕಣ್ಣಿಗೆ ಕಾಣದ ಭಾಗ. ಭಾರತೀಯ ಮಾನಕ 456, ಅಂದರೆ 2000ರ ಕಾಂಕ್ರೀಟ್ ಸಂಹಿತೆ, ಪರಿಸರವನ್ನು ಐದು ದರ್ಜೆಯಾಗಿ ವಿಂಗಡಿಸುತ್ತದೆ. ಸೌಮ್ಯ, ಮಧ್ಯಮ, ತೀವ್ರ, ಅತಿತೀವ್ರ, ಪರಮತೀವ್ರ. ಕರಾವಳಿಯ ಹವೆಗೆ ಒಡ್ಡಿಕೊಂಡ ಕಾಂಕ್ರೀಟು 'ತೀವ್ರ' ದರ್ಜೆಗೆ ಬರುತ್ತದೆ. ಕಡಲನೀರಿನ ತುಂತುರು ತಾಗುವಷ್ಟು ಹತ್ತಿರವಾದರೆ 'ಅತಿತೀವ್ರ'. ಸೌಮ್ಯ ದರ್ಜೆಯಲ್ಲಿ ಕಬ್ಬಿಣದ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಸಾಕು. ತೀವ್ರದಲ್ಲಿ 45 ಬೇಕು, ಅತಿತೀವ್ರದಲ್ಲಿ 50. ಕಾಂಕ್ರೀಟಿನ ದರ್ಜೆಯೂ ಹಾಗೆಯೇ ಕನಿಷ್ಠ ಎಂ20ರಿಂದ ಎಂ30ಕ್ಕೆ, ಎಂ35ಕ್ಕೆ ಏರುತ್ತದೆ. ಗಾಳಿಯಲ್ಲಿನ ಉಪ್ಪು ನಿಧಾನವಾಗಿ ಒಳಗಿಳಿದು ಸರಳನ್ನು ಮುಟ್ಟಿದಾಗ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಮೇಸ್ತ್ರಿ ಸರಳಿನ ಕೆಳಗೆ ಇಡಬೇಕಾದ ಕವರ್ ಬ್ಲಾಕ್ ಸರಿಯಾಗಿ ಇಟ್ಟನೇ ಇಲ್ಲವೇ ಎಂಬ ಇಷ್ಟು ಸಣ್ಣ ವಿಷಯ ಕಟ್ಟಡದ ಆಯುಸ್ಸನ್ನು ನಿರ್ಧರಿಸುತ್ತದೆ. ಇಟಾಲಿಯನ್ ಮಾರ್ಬಲ್ಲಿನ ಬಗ್ಗೆ ಅರ್ಧ ಪುಟ ಬರೆಯುವ ಬ್ರೋಷರುಗಳಲ್ಲಿ ಕವರ್ ಎಷ್ಟು ಎಂದು ಬರೆದದ್ದನ್ನು ನಾನು ಇನ್ನೂ ಕಂಡಿಲ್ಲ.

ಇದು ಪುಸ್ತಕದ ಬದನೆಕಾಯಿ ಅಲ್ಲ. ಅಮೆರಿಕದ ಮಯಾಮಿ ಪಕ್ಕದ ಸರ್ಫ್‌ಸೈಡ್ ಎಂಬ ಬೀಚ್ ಪಟ್ಟಣದಲ್ಲಿ 1981ರಲ್ಲಿ ಕಟ್ಟಿದ ಹನ್ನೆರಡು ಮಹಡಿಯ ಚಾಂಪ್ಲೇನ್ ಟವರ್ಸ್ ಸೌತ್ 2021ರ ಜೂನ್ 24ರ ನಡುರಾತ್ರಿ ಭಾಗಶಃ ಕುಸಿದು 98 ಜನ ಸತ್ತರು. 2018ರಲ್ಲೇ ಎಂಜಿನಿಯರೊಬ್ಬರ ವರದಿ ಈಜುಕೊಳದ ಸುತ್ತಲಿನ ಚಪ್ಪಡಿಯ ಜಲನಿರೋಧಕ ಹಾಳಾಗಿದೆ, ಕೆಳಗಿನ ಕಾಂಕ್ರೀಟಿಗೆ ಪೆಟ್ಟು ಬಿದ್ದಿದೆ ಎಂದು ಹೇಳಿತ್ತು. ಆ ಚಪ್ಪಡಿಯ ಮೂಲ ವಿನ್ಯಾಸದಲ್ಲೇ ಬಲ ಸಾಲದಾಗಿತ್ತೆಂದು ಆಮೇಲಿನ ತನಿಖೆಯಲ್ಲಿ ಕಂಡಿತು. ರಿಪೇರಿಗೆ ಸುಮಾರು 1.5 ಕೋಟಿ ಡಾಲರ್ ಬೇಕಿತ್ತು. ಯಾರು ಎಷ್ಟು ಕೊಡಬೇಕು ಎಂಬ ಚರ್ಚೆ ಮಾಲೀಕರ ಸಂಘದಲ್ಲಿ ವರ್ಷಗಟ್ಟಲೆ ನಡೆಯಿತು. ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಒಮ್ಮೆಯಾದರೂ ಕೂತವರಿಗೆ ಆ ಚರ್ಚೆ ಹೇಗಿದ್ದಿರಬಹುದು ಎಂದು ವಿವರಿಸಬೇಕಿಲ್ಲ. ಮರುವರ್ಷ ಫ್ಲಾರಿಡಾ ಕಾನೂನು ಬದಲಿಸಿತು. ಹಳೆಯ ಕಟ್ಟಡಗಳ ತಪಾಸಣೆ ಕಡ್ಡಾಯವಾಯಿತು, ದುರಸ್ತಿ ನಿಧಿಯನ್ನು ಮುಂದೂಡುವಂತಿಲ್ಲ ಎಂದಾಯಿತು.

ಇಲ್ಲಿ ಮಹಾರಾಷ್ಟ್ರದ ಅನುಭವ ನಮ್ಮ ಊರಿಗೆ ಉಪಯೋಗಕ್ಕೆ ಬರುತ್ತದೆ. ಇಲ್ಲಿನ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ 0.25 ಸಿಂಕಿಂಗ್ ಫಂಡಿಗೆ, ಶೇ 0.75 ದುರಸ್ತಿ ನಿಧಿಗೆ ಹೋಗಬೇಕು. ನಿರ್ಮಾಣ ವೆಚ್ಚ 40 ಲಕ್ಷ ಎಂದು ಹಿಡಿದರೆ ವರ್ಷಕ್ಕೆ 40,000 ರೂಪಾಯಿ, ತಿಂಗಳ ನಿರ್ವಹಣಾ ಶುಲ್ಕವನ್ನು ಬಿಟ್ಟು. ಹದಿನೈದು ವರ್ಷ ದಾಟಿದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಇದೆಲ್ಲ ಎಲ್ಲ ಕಡೆ ಚಾಚೂತಪ್ಪದೆ ನಡೆಯುತ್ತದೆ ಎಂದಲ್ಲ. ಆದರೆ ಕೇಳಲು ಒಂದು ನಿಯಮ ಇದೆ, ತೋರಿಸಲು ಒಂದು ಪುಸ್ತಕ ಇದೆ. ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಹೋಗಬೇಕೋ, 1959ರ ಸಹಕಾರ ಸಂಘಗಳ ಕಾಯ್ದೆಯಡಿಯೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿಯೋ ಎಂಬ ಗೊಂದಲದಲ್ಲೇ ಎಷ್ಟೋ ಅಪಾರ್ಟ್‌ಮೆಂಟುಗಳ ಕಾಲ ಕಳೆದಿದೆ. ಯಾವುದರಡಿ ಸಂಘ, ನೆಲ ಯಾರ ಹೆಸರಿನಲ್ಲಿ, ನಿಧಿ ಎಲ್ಲಿ, ಈ ಮೂರು ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದ ಕಟ್ಟಡ ಎಷ್ಟು ಎತ್ತರವಿದ್ದರೂ ಅಪೂರ್ಣ ಕೃತಿ.

ಇದಕ್ಕೆ ಕಡಲ ಊರಿನಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಮಾಲೀಕರು ಊರಲ್ಲಿಲ್ಲ. ರಾತ್ರಿ ಎಂಟಕ್ಕೆ ಇಂಥ ಕಟ್ಟಡದ ಕೆಳಗೆ ನಿಂತು ದೀಪ ಎಷ್ಟು ಎಂದು ಎಣಿಸಿ ನೋಡಿ. ಮೂರರಲ್ಲಿ ಎರಡು ಪಾಲು ಕತ್ತಲೆ ಇದ್ದರೆ ಆ ಸಂಘದ ಸಭೆಗೆ ಬರುವವರು ಎಷ್ಟು ಮಂದಿ? ವರ್ಷಕ್ಕೆ ಹತ್ತು ದಿನ ಬರುವ ನಾನು ಟೆರೇಸಿನ ಜಲನಿರೋಧಕಕ್ಕೆ ಎರಡು ಲಕ್ಷ ಕೊಡಲು ಒಪ್ಪುತ್ತೇನೆಯೇ? ಅಲ್ಲೇ ಇರುವ ನಿವೃತ್ತ ಮೇಷ್ಟ್ರಿಗೆ ಅದು ಜೀವದ ಪ್ರಶ್ನೆ, ನನಗೆ ಅದೊಂದು ಇಮೇಲ್. ಸಾಮಾನ್ಯವಾಗಿ ಗೆಲ್ಲುವುದು ಇಮೇಲೇ.

ನೀರಿನ ಮಾತು. ಕೊಂಢವಾದಲ್ಲಿರುವ ನಮಗೆ ಟ್ಯಾಂಕರ್ ಅಂದರೆ ಹಾಲಿನವನ ಹಾಗೆ, ದಿನವೂ ಬರುವವನು. ಎನ್‌ಐಬಿಎಂ ರಸ್ತೆ, ಉಂಡ್ರಿ, ಪಿಸೋಳಿಗಳಲ್ಲಿ ಕಟ್ಟಡಗಳು ಮೊದಲು ಬಂದವು. ನೀರಿನ ಕೊಳವೆ, ಚರಂಡಿ, ರಸ್ತೆ ಆಮೇಲೆ ಬರುತ್ತವೆ ಎಂದು ನಂಬಿದೆವು. ಇನ್ನೂ ಬರುತ್ತಲೇ ಇವೆ. ಕಾತ್ರಜ್-ಕೊಂಢವಾ ರಸ್ತೆಯ ಅಗಲೀಕರಣದ ಸುದ್ದಿ ಕೇಳುತ್ತಲೇ ನಮ್ಮ ಮಕ್ಕಳು ಕಾಲೇಜಿಗೆ ಹೋದರು. ನಮ್ಮ ಸೊಸೈಟಿಯಲ್ಲಿ ಬೇಸಿಗೆಯ ತಿಂಗಳಿನ ಟ್ಯಾಂಕರ್ ಬಿಲ್ಲು ನೋಡಿದರೆ ಕಾರ್ಪೆಟ್ ಏರಿಯಾದ ಲೆಕ್ಕ ಮರೆತುಹೋಗುತ್ತದೆ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ಅಷ್ಟು ಮಳೆ ಬರುವ ಊರಿನಲ್ಲಿ 2019ರ ಬೇಸಿಗೆಯಲ್ಲೂ 2023ರ ಬೇಸಿಗೆಯಲ್ಲೂ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ಮುರಕಲ್ಲಿನ ನೆಲ ಮಳೆನೀರನ್ನು ಬಹಳ ಕಾಲ ಹಿಡಿದಿಡುವುದಿಲ್ಲ. ಕಡಲ ಹತ್ತಿರ ಆಳದ ಬೋರು ಕೊರೆದು ಜಗ್ಗಿದರೆ ಉಪ್ಪುನೀರು ಒಳಗೆ ಬರುತ್ತದೆ, ಪಕ್ಕದ ಮನೆಯ ಬಾವಿಯೂ ಕೆಡುತ್ತದೆ. ಇನ್ನೂರು ಫ್ಲ್ಯಾಟಿನ ಕಟ್ಟಡ ತನ್ನ ನೀರು ಎಲ್ಲಿಂದ ಎಂದು ಹೇಳದಿದ್ದರೆ, ಅದು ನೆರೆಯವರ ಬಾವಿಯಿಂದ ಎಂದೇ ಅರ್ಥ ಮಾಡಿಕೊಳ್ಳಬೇಕು.

ಕಾನೂನಿನ ಗೆರೆಯ ಕತೆ ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇವೆ, ಆದರೆ ವಿವರ ಗೊತ್ತಿರುವುದಿಲ್ಲ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರದ್ದು, ಆಮೇಲೆ 2011, ಈಗ 2019. ಉಬ್ಬರದ ರೇಖೆಯಿಂದ 500 ಮೀಟರ್ ಒಳಗಿನ ನೆಲ ಇದರ ವ್ಯಾಪ್ತಿ. ಗ್ರಾಮೀಣ ಭಾಗದಲ್ಲಿ ಮೊದಲು 200 ಮೀಟರ್ ಏನೂ ಕಟ್ಟದ ಪಟ್ಟಿ ಇತ್ತು. 2019ರಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವ ಗ್ರಾಮಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಲಾಯಿತು. ನಗರ ಭಾಗದಲ್ಲಿ 1991ರ ಮಟ್ಟಕ್ಕೆ ಕಟ್ಟಿಹಾಕಿದ್ದ ಎಫ್‌ಎಸ್‌ಐ ಸಡಿಲವಾಯಿತು. ಕಡಲ ಹತ್ತಿರ ಎತ್ತರ ಏರಲು ದಾರಿ ತೆರೆದದ್ದರಲ್ಲಿ ಈ ಬದಲಾವಣೆಯ ಪಾಲಿದೆ. ಗೆರೆ ಹಿಂದೆ ಸರಿದದ್ದು ಕಾಗದದ ಮೇಲೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಮಳೆಗಾಲ ಬಂದರೆ ಕಡಲ್ಕೊರೆತದ ಸುದ್ದಿ ಇಂದಿಗೂ ಬರುತ್ತದೆ. ಅಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ತಡೆ ಕಟ್ಟಬೇಕಾಯಿತು.

"ಪಂಚಾಯತ್ ಪರ್ಮಿಶನ್ ಇದೆ, ಬ್ಯಾಂಕ್ ಲೋನ್ ಕೊಟ್ಟಿದೆ, ಇನ್ನೇನು ಭಯ?" ಎನ್ನುವವರಿಗೆ ಕೊಚ್ಚಿಯ ಮರಡು ನೆನಪಿಸಬೇಕು. ಅಲ್ಲಿಯೂ ಸ್ಥಳೀಯ ಸಂಸ್ಥೆಯ ಪರವಾನಗಿ ಇತ್ತು. ಕರಾವಳಿ ವಲಯ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಆದೇಶ ಬಂತು. 2020ರ ಜನವರಿ 11 ಮತ್ತು 12ರಂದು ಮುನ್ನೂರಕ್ಕೂ ಹೆಚ್ಚು ಮನೆಗಳಿದ್ದ ನಾಲ್ಕು ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಕೆಡವಿದರು. ಮಾಲೀಕರಿಗೆ ಮಧ್ಯಂತರ ಪರಿಹಾರ 25 ಲಕ್ಷದವರೆಗೆ. ನಾವೆಲ್ಲ ಅದನ್ನು ಟಿವಿಯಲ್ಲಿ ಪಟಾಕಿ ನೋಡಿದ ಹಾಗೆ ನೋಡಿದೆವು. ಆ ಧೂಳಿನಲ್ಲಿ ಊರಿಗೆ ಮರಳಬೇಕೆಂದು ಗಲ್ಫಿನಲ್ಲಿ ದುಡಿದವರ ಉಳಿತಾಯವೂ ಇತ್ತು.

ಇನ್ನು ಹಣದ ಲೆಕ್ಕ. ಇದು ಲೆಕ್ಕಕ್ಕೆಂದು ಹಿಡಿದ ಸಂಖ್ಯೆ. ಫ್ಲ್ಯಾಟಿನ ಬೆಲೆ 90 ಲಕ್ಷ, ನೋಂದಣಿ ಮತ್ತು ಒಳಾಂಗಣ ಸೇರಿ ಒಂದು ಕೋಟಿ. ತಿಂಗಳಿಗೆ 22,000 ಬಾಡಿಗೆ ಬಂದರೆ ವರ್ಷಕ್ಕೆ 2,64,000. ಎರಡು ತಿಂಗಳು ಖಾಲಿ, ನಿರ್ವಹಣೆ, ತೆರಿಗೆ, ಬೂಷ್ಟಿನ ಗೋಡೆಗೆ ಬಣ್ಣ ಕಳೆದರೆ ಒಂದೂವರೆ ಲಕ್ಷ ಉಳಿದರೆ ಹೆಚ್ಚು. ಅಂದರೆ ಶೇ 1.5. ಅದೇ ಒಂದು ಕೋಟಿಯನ್ನು ಬ್ಯಾಂಕಿನಲ್ಲಿ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಹತ್ತು ದಿನ ಒಳ್ಳೆಯ ರೆಸಾರ್ಟಿನಲ್ಲಿ ಇದ್ದರೂ ಬಡ್ಡಿಯ ದೊಡ್ಡ ಪಾಲು ಮಿಗುತ್ತದೆ. ಬೆಲೆ ಏರುತ್ತದಲ್ಲ ಎನ್ನಬಹುದು. ಏರುವುದು ಹೆಚ್ಚಾಗಿ ನೆಲದ ಬೆಲೆ. ನಲವತ್ತು ಮಹಡಿಯ ಕಟ್ಟಡದಲ್ಲಿ ನಿಮ್ಮ ಪಾಲಿಗೆ ಬರುವ ನೆಲ ಎಷ್ಟು ಚದರಡಿ ಎಂದು ಕ್ರಯಪತ್ರದಲ್ಲಿ ನೋಡಿಕೊಳ್ಳಿ. ಉಳಿದದ್ದು ಕಾಂಕ್ರೀಟು, ಅದು ಪ್ರತಿ ಮಳೆಗಾಲಕ್ಕೆ ಹಳತಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಕೊಳ್ಳುತ್ತಾರೆ, ಏಕೆಂದರೆ ಅವರು ಕೊಳ್ಳುತ್ತಿರುವುದು ಬಾಡಿಗೆಯನ್ನಲ್ಲ, 'ಮರಳುವುದನ್ನು'. ಕಾರಂತರ 'ಮರಳಿ ಮಣ್ಣಿಗೆ' ಕಡಲ ಪಕ್ಕದ ಒಂದು ಮನೆಯ ಮೂರು ತಲೆಮಾರಿನ ಕತೆ. ಮೂರನೆಯ ತಲೆಮಾರಿನ ರಾಮ ಪಟ್ಟಣ ಕಂಡು ಬಂದವನು. ಅವನು ಮರಳಿದ್ದು ಮಣ್ಣಿನ ಕೆಲಸಕ್ಕೆ, ಊರಿನವರ ನಡುವಿನ ಬಾಳಿಗೆ. ನಮ್ಮ ಬ್ರೋಷರು ಕೊಡುವ ಮರಳುವಿಕೆಯಲ್ಲಿ ಮಣ್ಣು ಪೋಡಿಯಂ ಗಾರ್ಡನ್ನಿನ ಕುಂಡದಲ್ಲಿದೆ, ಊರಿನವರು ಗೇಟಿನ ಆಚೆ ಇದ್ದಾರೆ. ಹೊಲ ಉತ್ತು ಬದುಕಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ, ನಾನೂ ಉಳುವವನಲ್ಲ. ಆದರೆ ಊರಿಗೆ ಮರಳುವುದು ಅಂದರೆ ಊರಿನ ಜವಾಬ್ದಾರಿಗೆ ಮರಳುವುದೂ ಹೌದು ಎಂಬಷ್ಟನ್ನು ಆ ಕಾದಂಬರಿಯಿಂದ ಎರವಲು ಪಡೆಯಬಹುದು.

ಗೇಟಿನ ಆಚೆಯವರ ವಿಷಯವನ್ನು ನಾನು ಕೊನೆಗೆ ಇಟ್ಟುಕೊಂಡದ್ದು ಅದು ಸಣ್ಣದೆಂದಲ್ಲ. ಕೈರಂಪಣಿ ಎಳೆಯುವವರಿಗೆ ಬಲೆ ಎಳೆಯಲು, ಒಣಗಿಸಲು, ನಾಡದೋಣಿ ನಿಲ್ಲಿಸಲು ಮರಳು ಬೇಕು. ಕಡಲತೀರ ಯಾವ ಟವರಿನ ಸ್ವತ್ತೂ ಅಲ್ಲ. ಆದರೆ ಅಲ್ಲಿಗೆ ಹೋಗುವ ಕಾಲುದಾರಿ ಕಾಂಪೌಂಡಿನೊಳಗೆ ಸೇರಿಬಿಟ್ಟರೆ ಕಾಗದದ ಮೇಲಿನ ಹಕ್ಕು ಕಾಗದದ ಮೇಲೇ ಉಳಿಯುತ್ತದೆ. ಕಟ್ಟಡ ಕಟ್ಟುವವರೂ ಗೇಟಿನ ಆಚೆಯವರೇ. 2019ರ ಜೂನ್ 29ರ ನಸುಕಿಗೆ ನಮ್ಮ ಕೊಂಢವಾದಲ್ಲಿ ವಸತಿ ಸಮುಚ್ಚಯವೊಂದರ ಕಾಂಪೌಂಡ್ ಗೋಡೆ ಮಳೆಗೆ ಕುಸಿದು, ಪಕ್ಕದ ನಿರ್ಮಾಣ ಸ್ಥಳದ ತಗಡಿನ ಶೆಡ್ಡುಗಳ ಮೇಲೆ ಬಿತ್ತು. ಮಲಗಿದ್ದ 15 ಜನ ಸತ್ತರು, ಮಕ್ಕಳೂ ಇದ್ದರು. ಹೆಚ್ಚಿನವರು ಬಿಹಾರದಿಂದ ಬಂದ ಕೂಲಿಗಳು. ನಾವು ಫ್ಲ್ಯಾಟಿನ ಹೊರಗೋಡೆಯ ಬಣ್ಣ ಚರ್ಚಿಸುವ ಊರಿನಲ್ಲಿ ಗೋಡೆಯ ಕೆಳಗೆ ಯಾರು ಮಲಗುತ್ತಾರೆ ಎಂದು ಕೇಳಿದವರು ಕಡಿಮೆ. ವಲಸೆ ಬಂದವರು ಎಂದು ನಮ್ಮನ್ನು ನಾವು ಕರೆದುಕೊಳ್ಳುವ ಈ ಪತ್ರಿಕೆಯ ಓದುಗರು ಆ ಹದಿನೈದು ಜನವೂ ವಲಸಿಗರೇ ಎಂಬುದನ್ನು ಮರೆಯಬಾರದು.

ತೀರ್ಪು ಹೇಳದೆ ವಿಮರ್ಶೆ ಮುಗಿಸುವುದು ಜಾಣತನ, ಆದರೆ ಕೇಳಿದವರಿಗೆ ಉಪಯೋಗ ಇಲ್ಲ. ಹಾಗಾಗಿ ಹೇಳುತ್ತೇನೆ. ವಯಸ್ಸಾದ ತಂದೆ-ತಾಯಿ ಇರಲಿಕ್ಕೆ, ಅಥವಾ ನಿವೃತ್ತರಾಗಿ ನೀವೇ ಹನ್ನೆರಡು ತಿಂಗಳೂ ಇರಲಿಕ್ಕೆ ಆದರೆ ಬಹುಮಹಡಿ ಫ್ಲ್ಯಾಟು ಒಳ್ಳೆಯ ಆಯ್ಕೆ. ಆದರೆ ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗೆ, ಆಸ್ಪತ್ರೆಗೆ ಹತ್ತಿರ, ಏಳೆಂಟು ಮಹಡಿಯದ್ದು, ಮೂಡಣಕ್ಕೆ ಮುಖ ಇರುವುದು. ನೋಟ ಇರುವುದಿಲ್ಲ, ನೆಮ್ಮದಿ ಇರುತ್ತದೆ. ಹೂಡಿಕೆ ಎಂದಾದರೆ ಬೇಡ, ಲೆಕ್ಕ ಮೇಲೆ ಇದೆ. ಹತ್ತು ದಿನದ ಡಿಸೆಂಬರಿಗೆ ಎಂದಾದರೆ ಖಂಡಿತ ಬೇಡ. ನಿಮ್ಮ ಹಣಕ್ಕಾಗಿ ಮಾತ್ರ ಈ ಮಾತಲ್ಲ. ಕತ್ತಲೆ ಕಿಟಕಿಗಳು ಹೆಚ್ಚಾದಷ್ಟೂ ಆ ಕಟ್ಟಡದಲ್ಲಿ ನಿಜವಾಗಿ ಬದುಕುವವರ ಬದುಕು ಕಷ್ಟವಾಗುತ್ತದೆ.

ಕೊಳ್ಳಲೇಬೇಕು ಎಂದಿದ್ದರೆ ಜುಲೈಯಲ್ಲಿ ಹೋಗಿ. ಅದೇ ಬಿಲ್ಡರು ಹತ್ತು ವರ್ಷದ ಹಿಂದೆ ಕಟ್ಟಿದ ಕಟ್ಟಡವನ್ನು ತೋರಿಸಲು ಹೇಳಿ. ಅದರ ನೆಲಮಾಳಿಗೆಗೆ ಇಳಿದು ಚಾವಣಿಯಲ್ಲಿ ಕಂದು ಗೆರೆಗಳಿವೆಯೇ ನೋಡಿ. ಸಂಘದ ಕಾರ್ಯದರ್ಶಿಯನ್ನು ಹುಡುಕಿ ನಿಧಿಯಲ್ಲಿ ಎಷ್ಟಿದೆ, ಮೇ ತಿಂಗಳಲ್ಲಿ ಎಷ್ಟು ಟ್ಯಾಂಕರ್ ಬಂತು ಕೇಳಿ. ಹೊಸ ಕಟ್ಟಡದ ಡ್ರಾಯಿಂಗಿನಲ್ಲಿ ಕವರ್ 45 ಎಂದು ಬರೆದಿದೆಯೇ, ಕರಾವಳಿ ವಲಯ ಪ್ರಾಧಿಕಾರದ ಪತ್ರ ಇದೆಯೇ ಕೇಳಿ. ರಚನೆಯ ದೋಷಕ್ಕೆ ರೇರಾ ಪ್ರಕಾರ ಐದು ವರ್ಷ ಬಿಲ್ಡರನೇ ಹೊಣೆ, ಉಪ್ಪುಗಾಳಿಯ ಕೆಲಸ ಮಾತ್ರ ಆರನೇ ವರ್ಷದ ನಂತರವೂ ನಡೆಯುತ್ತಿರುತ್ತದೆ. ಸೈಟಿನಲ್ಲಿ ಕೂಲಿಗಳ ಶೆಡ್ಡು ಎಲ್ಲಿದೆ ಎಂಬುದನ್ನೂ ನೋಡಿಕೊಂಡು ಬನ್ನಿ. ಇಷ್ಟಕ್ಕೆಲ್ಲ ನೇರ ಉತ್ತರ ಕೊಡುವ ಬಿಲ್ಡರು ಸಿಕ್ಕರೆ ಅವನ ಹೆಸರನ್ನು ನಮ್ಮ ಗುಂಪಿನಲ್ಲಿ ಹಾಕಿ. ಅಂಥ ಕಟ್ಟಡದ ಬಗ್ಗೆ ಮೆಚ್ಚಿ ಬರೆಯಲು ನಾನು ಸಿದ್ಧನಿದ್ದೇನೆ.